ಅಮ್ಮನಿಗೆ ಶೇ 12, ಮಗಳಿಗೆ ಶೇ 14: ಮೈಟೊಕಾಂಡ್ರಿಯ ರಿಪೋರ್ಟ್ ಓದುವುದು ಹೇಗೆ?

ಪ್ರಶ್ನೆ: ನನ್ನ ಅಕ್ಕನಿಗೆ 45 ವರ್ಷ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಕಿವಿಯೂ ಮಂದ. 17ರ ಮಗನಿಗೆ ಮೂರು ತಿಂಗಳ ಹಿಂದೆ ವಾಂತಿ, ತಲೆನೋವು ಶುರುವಾಗಿ ಫಿಟ್ಸ್ ಬಂತು, ಬಲಗಡೆಯ ನೋಟ ಹೋಯಿತು. ‘ಮೆಲಾಸ್’ (ಮೈಟೊಕಾಂಡ್ರಿಯದ ದೋಷದಿಂದ ಮೆದುಳಿಗೆ ಸ್ಟ್ರೋಕ್‌ನಂಥ ಪೆಟ್ಟು ಬೀಳುವ ಕಾಯಿಲೆ) ಎಂದರು. 22ರ ಮಗಳಿಗೆ ಆಗಾಗ ಅರೆತಲೆನೋವು ಬರುವುದು ಬಿಟ್ಟರೆ ಬೇರೇನಿಲ್ಲ. ಮೂವರ ರಕ್ತದಲ್ಲೂ ಎಂ.3243ಎ>ಜಿ ಎಂಬ ಒಂದೇ ದೋಷ ಸಿಕ್ಕಿದೆ. ಅಕ್ಕನಿಗೆ ಶೇ 12, ಮಗನಿಗೆ 35, ಮಗಳಿಗೆ 14. ದೋಷ ಒಂದೇ ಆದ ಮೇಲೆ ಕಾಯಿಲೆ ಮೂರು ಥರ ಏಕೆ? ನನಗೂ ಇರಬಹುದೇ?
— ಓದುಗಿ, ಹಾಸನ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಇರಬಹುದು. ಮೈಟೊಕಾಂಡ್ರಿಯ, ಅಂದರೆ ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಘಟಕ, ಬರುವುದು ತಾಯಿಯ ಅಂಡಾಣುವಿನಿಂದ. ನೀವೂ ನಿಮ್ಮಕ್ಕನೂ ಒಬ್ಬಳೇ ತಾಯಿಯ ಮಕ್ಕಳಾದ್ದರಿಂದ ನೀವು ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ನಿಮ್ಮ ಮಕ್ಕಳ ವಿಷಯ ನಿಮ್ಮ ಫಲಿತಾಂಶ ಬಂದ ಮೇಲೆ.

ಒಂದು ಜೀವಕೋಶದಲ್ಲಿ ಮೈಟೊಕಾಂಡ್ರಿಯದ ಡಿಎನ್‌ಎ ಒಂದೆರಡಲ್ಲ, ನೂರಾರು, ಸಾವಿರಾರು ಪ್ರತಿಗಳಿರುತ್ತವೆ. ಪ್ರತಿಯೊಂದೂ 16,569 ಅಕ್ಷರಗಳ ಚಿಕ್ಕ ಬಳೆ. ನಿಮ್ಮ ಕುಟುಂಬದಲ್ಲಿ ಕೆಲವು ಪ್ರತಿಗಳ 3243ನೇ ಅಕ್ಷರ ತಪ್ಪಾಗಿದೆ, ಉಳಿದವು ಸರಿ ಇವೆ. ಈ ಬೆರಕೆಗೆ ಹೆಟರೊಪ್ಲಾಸ್ಮಿ ಎನ್ನುತ್ತಾರೆ. ರಿಪೋರ್ಟಿನ ಶೇಕಡಾ ಲೆಕ್ಕ ಇದರದ್ದೇ.

ಮೊರದಲ್ಲಿ ಬಿಳಿಯೆಳ್ಳು, ಕರಿಯೆಳ್ಳು ಬೆರೆಸಿಟ್ಟು ಕಣ್ಣುಮುಚ್ಚಿ ಒಂದೊಂದು ಚಿಟಿಕೆ ತೆಗೆಯಿರಿ. ಒಂದರಲ್ಲಿ ಕರಿಯದೇ ಹೆಚ್ಚು ಬರಬಹುದು, ಇನ್ನೊಂದರಲ್ಲಿ ಮೂರೋ ನಾಲ್ಕೋ. ಹೆಣ್ಣು ಭ್ರೂಣದಲ್ಲಿ ಮುಂದಿನ ತಲೆಮಾರಿನ ಅಂಡಾಣುಗಳು ತಯಾರಾಗುವಾಗಲೂ ಇದೇ ನಡೆಯುತ್ತದೆ. ಕೆಲವೇ ಪ್ರತಿಗಳು ಮುಂದೆ ಹೋಗಿ, ಅವೇ ಲಕ್ಷಕ್ಕೂ ಮೀರಿ ಹೆಚ್ಚುತ್ತವೆ. ಅಕ್ಕನ ಒಂದು ಅಂಡಾಣುವಿಗೆ ತುಂಬಾ ಕರಿಯೆಳ್ಳು, ಅಂದರೆ ದೋಷವಿರುವ ಪ್ರತಿಗಳು, ಬಿತ್ತು, ಇನ್ನೊಂದಕ್ಕೆ ಕಡಿಮೆ. ಇದರಲ್ಲಿ ಅಕ್ಕನ ತಪ್ಪೇನೂ ಇಲ್ಲ. ಬಸುರಿಯಾಗಿದ್ದಾಗ ಏನು ತಿಂದಳು, ಯಾವ ಗ್ರಹಣ ನೋಡಿದಳು ಎಂದು ಯಾರಾದರೂ ಕೇಳಿದರೆ ದಯವಿಟ್ಟು ಅಲ್ಲೇ ತಡೆಯಿರಿ.

ಇನ್ನು ಅಂಕಿಗಳ ವಿಷಯ. ಹೆಚ್ಚಿನ ಕುಟುಂಬಗಳು ಎಡವುವುದು ಇಲ್ಲೇ. ರಕ್ತದ ಕಣಗಳು ಹಳತಾಗಿ ಸಾಯುತ್ತವೆ, ಹೊಸವು ಹುಟ್ಟುತ್ತಲೇ ಇರುತ್ತವೆ. ದೋಷ ಹೆಚ್ಚಿರುವ ಮೂಲಕೋಶಗಳು ಈ ಓಟದಲ್ಲಿ ಹಿಂದೆ ಬೀಳುವುದರಿಂದ ರಕ್ತದಲ್ಲಿನ ಪ್ರಮಾಣ ವರ್ಷವರ್ಷವೂ ಇಳಿಯುತ್ತದೆ. ಮೆದುಳು, ಸ್ನಾಯುಗಳಲ್ಲಿ ಹಾಗೆ ಇಳಿಯುವುದಿಲ್ಲ. ಆದ್ದರಿಂದ 3243ರ ಮಟ್ಟಿಗೆ ವಯಸ್ಸಿನ ತಿದ್ದುಪಡಿ ಮಾಡದೆ ಒಬ್ಬರ ರಕ್ತದ ಅಂಕಿಯನ್ನು ಇನ್ನೊಬ್ಬರದ್ದಕ್ಕೆ ಹೋಲಿಸಬಾರದು. ಲೆಕ್ಕ ಮೊಬೈಲಿನ ಕ್ಯಾಲ್ಕುಲೇಟರಿನಲ್ಲೇ ಆಗುತ್ತದೆ: ವಯಸ್ಸಿಗೆ 12 ಕೂಡಿಸಿ, 0.977 ಎಂಬ ಸಂಖ್ಯೆಯನ್ನು ಅಷ್ಟು ಸಲ ಅದರಿಂದಲೇ ಗುಣಿಸಿ, ಬಂದದ್ದರಿಂದ ರಿಪೋರ್ಟಿನ ಶೇಕಡಾವನ್ನು ಭಾಗಿಸಿ. ಅಕ್ಕನದು 12 ÷ 0.266, ಅಂದರೆ ಸುಮಾರು ಶೇ 45. ಮಗನದು 35 ÷ 0.509, ಸುಮಾರು 69. ಮಗಳದು 14 ÷ 0.453, ಸುಮಾರು 31. ರಕ್ತದಲ್ಲಿ ಅಮ್ಮನಿಗಿಂತ ಮಗಳದೇ ಹೆಚ್ಚು ಕಂಡಿತ್ತು, ತಿದ್ದಿದ ಮೇಲೆ ತಿರುಗುಮುರುಗಾಯಿತು.

ನಿಮ್ಮ ಪರೀಕ್ಷೆಗೆ ರಕ್ತದ ಜೊತೆ ಮೂತ್ರವನ್ನೂ ಕೊಡಿ. ಮೂತ್ರದಲ್ಲಿ ಉದುರಿ ಬರುವ ಕೋಶಗಳಲ್ಲಿ ದೋಷದ ಪ್ರಮಾಣ ಸಾಮಾನ್ಯವಾಗಿ ರಕ್ತಕ್ಕಿಂತ ಹೆಚ್ಚಿರುತ್ತದೆ, ವಯಸ್ಸಾದವರಲ್ಲಿ ರಕ್ತದಲ್ಲಿ ಸಿಗದ್ದು ಇಲ್ಲಿ ಸಿಗುತ್ತದೆ. ಬೆಳಗಿನ ಮೊದಲ ಮೂತ್ರವೇ ಒಳ್ಳೆಯದು, ಮುಟ್ಟಿನ ದಿನಗಳಲ್ಲಿ ಬೇಡ, ಅವತ್ತೇ ಲ್ಯಾಬ್ ತಲುಪಬೇಕು. ಗಂಡಸರ ಮೂತ್ರದಲ್ಲಿ ಅಂಕಿ ಹೆಂಗಸರಿಗಿಂತ ಮೇಲೆ ಬರುವುದು ಸಹಜ, ಅದಕ್ಕೂ ಬೇರೆ ತಿದ್ದುಪಡಿ ಇದೆ.

ಇಷ್ಟು ಮಾಡಿದರೂ ಅಂಕಿ ಜಾತಕವಲ್ಲ. ಪ್ರಮಾಣ, ವಯಸ್ಸು ಎರಡೂ ಸೇರಿ ವ್ಯತ್ಯಾಸದ ಒಂದು ಭಾಗವನ್ನು ಮಾತ್ರ ವಿವರಿಸುತ್ತವೆ, ಕೋಶಕೇಂದ್ರದ ಇತರ ಜೀನ್‌ಗಳ ಪಾಲೂ ಇದೆ. ಶೇ 31ರ ಮಗಳಿಗೆ ಏನೂ ಆಗದು ಎಂದು ಯಾರೂ ಬರೆದುಕೊಡಲಾರರು. ಆದ್ದರಿಂದ ದೋಷವಿರುವ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಸಕ್ಕರೆಗೆ ಎಚ್‌ಬಿಎ1ಸಿ, ಕಿವಿಯ ಆಡಿಯೊಗ್ರಾಂ, ಹೃದಯಕ್ಕೆ ಇಸಿಜಿ, ಎಕೊ, ಕಿಡ್ನಿಗೆ ಕ್ರಿಯಾಟಿನಿನ್ ಮತ್ತು ಮೂತ್ರದ ಅಲ್ಬುಮಿನ್ ಮಾಡಿಸಬೇಕು. ಮಲಬದ್ಧತೆಯನ್ನು ಹೇಳಿಕೊಳ್ಳಲು ಸಂಕೋಚ ಬೇಡ. ಈ ಕಾಯಿಲೆಯಲ್ಲಿ ಕರುಳೇ ಸೋತು, ತಡೆ ಬಿದ್ದಂತೆ ಹೊಟ್ಟೆ ಉಬ್ಬುವುದುಂಟು. ಅದು ಗೊತ್ತಿಲ್ಲದೆ ಆಪರೇಷನ್ ಮಾಡಿದರೆ ಪಾಡು ಇನ್ನೂ ಕೆಡುತ್ತದೆ.

ಅಕ್ಕ ಸಕ್ಕರೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ವೈದ್ಯರ ಜೊತೆ ಮಾತನಾಡಿ ಬದಲಿಸಿಕೊಳ್ಳಲಿ, ಲ್ಯಾಕ್ಟಿಕ್ ಆಮ್ಲ ಏರುವ ಭಯವಿದೆ. ತಾವಾಗಿಯೇ ನಿಲ್ಲಿಸುವುದು ಬೇಡ. ಮಗನಿಗೆ ಫಿಟ್ಸ್‌ಗೆ ವಾಲ್‌ಪ್ರೊಯೇಟ್ ಬದಲು ಲೆವೆಟಿರಾಸಿಟಾಮ್‌ನಂಥದ್ದು ಮೇಲು. ಮತ್ತೆ ತಲೆನೋವಿನ ಜೊತೆ ವಾಂತಿ, ಒಂದು ಬದಿಯಲ್ಲಿ ಬಣ್ಣದ ಮಿಂಚು, ಮಾತಿನಲ್ಲಿ ಗೊಂದಲ ಕಂಡರೆ ‘ಮೈಗ್ರೇನ್ ಇರಬೇಕು’ ಎಂದು ಮಲಗಿಸದೆ ಆಸ್ಪತ್ರೆಗೆ ಕರೆದೊಯ್ಯಿರಿ. ಇದು ರಕ್ತನಾಳ ಕಟ್ಟಿಕೊಂಡು ಆಗುವ ಸ್ಟ್ರೋಕ್ ಅಲ್ಲ, ಆದ್ದರಿಂದ ಹೆಪ್ಪು ಕರಗಿಸುವ ಇಂಜೆಕ್ಷನ್ನಿನಿಂದ ಪ್ರಯೋಜನವಿಲ್ಲ. ಫಿಟ್ಸನ್ನು ಬೇಗ, ಬಿಗಿಯಾಗಿ ಹತೋಟಿಗೆ ತರುವುದೇ ಮುಖ್ಯ. ಅರ್ಜಿನಿನ್ (ಒಂದು ಅಮೈನೊ ಆಮ್ಲ) ಡ್ರಿಪ್ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ: ಕೆಲವರು ಕೂಡಲೇ ಕೊಡಿ ಎನ್ನುತ್ತಾರೆ, ಯುರೋಪಿನ ತಜ್ಞರ ಬಳಗ ಪುರಾವೆ ಸಾಲದು ಎನ್ನುತ್ತದೆ. ಉಪವಾಸ ಬೇಡವೇ ಬೇಡ. ಆಪರೇಷನ್ನಿಗಾಗಿ ಹೊಟ್ಟೆ ಖಾಲಿ ಇಡಬೇಕಾದರೆ ಡೆಕ್ಸ್‌ಟ್ರೋಸ್ ಡ್ರಿಪ್ ಹಾಕಿಸಿ, ರಿಂಗರ್ ಲ್ಯಾಕ್ಟೇಟ್ ಬೇಡ ಎಂದು ತಿಳಿಸಿ. ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಮಗನ ಪರ್ಸಿನಲ್ಲಿಡಿ. ರಾತ್ರಿ ಡ್ಯೂಟಿಯ ವೈದ್ಯರಿಗೆ ಅದೇ ದಾರಿದೀಪ.

ಪ್ರಶ್ನೆ: ಅಣ್ಣನಿಗೆ 21ನೇ ವಯಸ್ಸಿನಲ್ಲಿ ಎರಡು ತಿಂಗಳೊಳಗೆ ಎರಡೂ ಕಣ್ಣಿನ ನಡುನೋಟ ಹೋಯಿತು. ಲೀಬರ್ ಕಾಯಿಲೆ, ಎಂ.11778ಜಿ>ಎ, ಶೇ 100. ನನಗೆ 24, ನನ್ನದೂ ಶೇ 100. ಆದರೆ ಕಣ್ಣು ಚೆನ್ನಾಗಿದೆ. ಯಾಕೆ?
— ಓದುಗ, ಉಡುಪಿ

ಉತ್ತರ: ಮೇಲಿನ ಎಳ್ಳಿನ ಲೆಕ್ಕ ನಿಮಗೆ ಹೊಂದುವುದಿಲ್ಲ. ನಿಮ್ಮ ಮನೆಯಲ್ಲಿ ಎಲ್ಲವೂ ಕರಿಯೆಳ್ಳೇ. ಲೀಬರ್ ಎಂದರೆ ಮೈಟೊಕಾಂಡ್ರಿಯದ ದೋಷದಿಂದ ಕಣ್ಣಿನ ನರ ಕೆಡುವ ಕಾಯಿಲೆ. ಇದರಲ್ಲಿ ದೋಷ ಇರುವುದು ಕಾಯಿಲೆಗೆ ಅಗತ್ಯ, ಆದರೆ ಅಷ್ಟೇ ಸಾಲದು. ಹಿಂದಿನ ಕುಟುಂಬ ಅಧ್ಯಯನಗಳ ಪ್ರಕಾರ ದೋಷವಿರುವ ಗಂಡಸರಲ್ಲಿ ಸುಮಾರು ಅರ್ಧದಷ್ಟು ಜನರಿಗೆ, ಹೆಂಗಸರಲ್ಲಿ ಹತ್ತರಲ್ಲಿ ಒಬ್ಬರಿಗೆ ಮಾತ್ರ ದೃಷ್ಟಿ ಹೋಗುತ್ತದೆ. ಉಳಿದದ್ದನ್ನು ನಿರ್ಧರಿಸುವುದು ಇತರ ಜೀನ್‌ಗಳು ಮತ್ತು ಬದುಕುವ ರೀತಿ.

ಅದರಲ್ಲಿ ನಿಮ್ಮ ಕೈಯಲ್ಲಿರುವುದು ಮೊದಲನೆಯದಾಗಿ ಸಿಗರೇಟು, ಬೀಡಿ. ಒಂದೂ ಬೇಡ. ವಿಪರೀತ ಕುಡಿತವೂ ಅಪಾಯ. ಮುಂದೆ ಎಂದಾದರೂ ಟಿಬಿ ಚಿಕಿತ್ಸೆ ಬೇಕಾದರೆ ಮಾತ್ರೆ ನುಂಗುವ ಮೊದಲೇ ಲೀಬರ್ ದೋಷವಿದೆ ಎಂದು ಹೇಳಿ. ಎಥಾಂಬುಟಾಲ್, ಲಿನೆಜೋಲಿಡ್ ಎರಡೂ ಕಣ್ಣಿನ ನರಕ್ಕೆ ಪೆಟ್ಟು ಕೊಡಬಲ್ಲವು. ವಾರಕ್ಕೊಮ್ಮೆ ಒಂದೊಂದೇ ಕಣ್ಣು ಮುಚ್ಚಿ ಒಂದು ಕೆಂಪು ವಸ್ತುವನ್ನು ನೋಡಿ. ಒಂದು ಕಣ್ಣಿಗೆ ಕೆಂಪು ಮಾಸಿದಂತೆ, ತೊಳೆದಂತೆ ಕಂಡರೆ ತಡಮಾಡದೆ ನೇತ್ರ ತಜ್ಞರ ಬಳಿ ಹೋಗಿ, ನೋವು ಇರುವುದಿಲ್ಲ. ಅಣ್ಣನ ವಿಷಯದಲ್ಲಿ, ಐಡೆಬಿನೋನ್ 300 ಮಿ.ಗ್ರಾಂ ದಿನಕ್ಕೆ ಮೂರು ಸಲ ಊಟದ ಜೊತೆ ಕೊಡುವ ಚಿಕಿತ್ಸೆಗೆ ಯುರೋಪಿನಲ್ಲಿ 2015ರಲ್ಲಿ ಅನುಮತಿ ಸಿಕ್ಕಿತು. ಕೆಲವರಿಗೆ ಒಂದಷ್ಟು ನೋಟ ಮರಳುತ್ತದೆ, ಎಲ್ಲರಿಗೂ ಅಲ್ಲ. ಕಣ್ಣು ಚೆನ್ನಾಗಿರುವ ನಿಮಗೆ ಅದು ಬೇಕಿಲ್ಲ.

ಪ್ರಶ್ನೆ: ಒಂದು ವರ್ಷದ ಮಗುವಿಗೆ ಲೀ ಸಿಂಡ್ರೋಮ್ (ಮೈಟೊಕಾಂಡ್ರಿಯ ಕೆಟ್ಟು ಮೆದುಳು ಹಾಳಾಗುವ ಕಾಯಿಲೆ) ಎಂದಿದ್ದಾರೆ. ನಾನು ಮದುವೆಯಾಗಿರುವುದು ಸೋದರಮಾವನನ್ನು. ‘ತಾಯಿಯಿಂದ ಬಂದ ಕಾಯಿಲೆ’ ಎಂದು ಮನೆಯಲ್ಲಿ ಎಲ್ಲರೂ ನನ್ನತ್ತ ಬೆರಳು ತೋರಿಸುತ್ತಾರೆ.
— ಓದುಗಿ, ರಾಯಚೂರು

ಉತ್ತರ: ಆ ಬೆರಳುಗಳನ್ನು ಇಳಿಸಲು ಹೇಳಿ. ಮೈಟೊಕಾಂಡ್ರಿಯದ ಸ್ವಂತ ಡಿಎನ್‌ಎಯಲ್ಲಿ 37 ಜೀನ್‌ಗಳಷ್ಟೇ ಇವೆ. ಅದನ್ನು ನಡೆಸಲು ಬೇಕಾದ ಸಾವಿರಕ್ಕೂ ಹೆಚ್ಚು ಪ್ರೋಟೀನ್‌ಗಳ ಜೀನ್‌ಗಳು ಕೋಶಕೇಂದ್ರದಲ್ಲಿವೆ, ಅವು ತಂದೆ ತಾಯಿ ಇಬ್ಬರಿಂದಲೂ ಬರುತ್ತವೆ. ಎಳೆಯ ಮಕ್ಕಳ ಲೀ ಸಿಂಡ್ರೋಮ್‌ನಲ್ಲಿ ಹೆಚ್ಚಿನವು ಎಸ್‌ಯುಆರ್‌ಎಫ್1ನಂಥ ಈ ಜೀನ್‌ಗಳದ್ದೇ. ರಕ್ತಸಂಬಂಧದ ಮದುವೆಯಲ್ಲಿ ಒಂದೇ ದೋಷ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಮಗುವಿನ ಜೊತೆ ನಿಮ್ಮಿಬ್ಬರ ರಕ್ತವನ್ನೂ ಜೀನ್ ಪರೀಕ್ಷೆಗೆ ಕೊಡಿ. ದೋಷ ಗೊತ್ತಾದರೆ ಮುಂದಿನ ಬಸುರಿನಲ್ಲಿ 11ರಿಂದ 13ನೇ ವಾರದೊಳಗೆ ಮಾಸುಚೀಲದ ಚೂರು ತೆಗೆದು ಪರೀಕ್ಷಿಸಬಹುದು.

ಅದಕ್ಕಿಂತ ತುರ್ತು ಇನ್ನೊಂದಿದೆ. ಎಸ್‌ಎಲ್‌ಸಿ19ಎ3 ಎಂಬ ಜೀನಿನ ದೋಷವೂ ಎಂಆರ್‌ಐಯಲ್ಲಿ ಲೀ ಸಿಂಡ್ರೋಮ್‌ನಂತೆಯೇ ಕಾಣಬಹುದು, ಆದರೆ ಅದಕ್ಕೆ ಔಷಧಿ ಇದೆ: ಬಯೋಟಿನ್ ಮತ್ತು ಥಯಾಮಿನ್. ಎರಡೂ ಅಗ್ಗದ ವಿಟಮಿನ್‌ಗಳು. ಜೀನ್ ರಿಪೋರ್ಟ್ ಬರಲು ವಾರಗಟ್ಟಲೆ ಕಾಯಬೇಕು, ಅಲ್ಲಿಯವರೆಗೆ ಇವನ್ನು ದೊಡ್ಡ ಪ್ರಮಾಣದಲ್ಲಿ ಕೊಡಬಹುದೇ ಎಂದು ಮಕ್ಕಳ ನರತಜ್ಞರನ್ನು ಇವತ್ತೇ ಕೇಳಿ. ಬಯೋಟಿನ್ನಿನ ರೂಢಿಯ ಪ್ರಮಾಣ ದಿನಕ್ಕೆ ತೂಕದ ಪ್ರತಿ ಕೆಜಿಗೆ 5ರಿಂದ 10 ಮಿ.ಗ್ರಾಂ.

ಪ್ರಶ್ನೆ: 3243 ದೋಷವಿರುವ ಗಂಡಸಿನಿಂದ ಮಕ್ಕಳಿಗೆ ಬರುತ್ತದೆಯೇ? ಹೆಣ್ಣಿಗೆ ಇದ್ದರೆ ಮಕ್ಕಳೇ ಬೇಡವೇ?
— ಓದುಗಿ, ದಾವಣಗೆರೆ

ಉತ್ತರ: ಗಂಡಸಿನಿಂದ ಬರುವುದಿಲ್ಲ. ಹೆಣ್ಣಿಗೆ ದಾರಿಗಳಿವೆ. ಐವಿಎಫ್‌ನಲ್ಲಿ ಭ್ರೂಣಗಳನ್ನು ಪರೀಕ್ಷಿಸಿ ದೋಷ ಅತಿ ಕಡಿಮೆ ಇರುವುದನ್ನು ಆರಿಸಬಹುದು. ಅಪಾಯ ತಗ್ಗುತ್ತದೆ, ಶೂನ್ಯವಾಗುವುದಿಲ್ಲ. ಬೇರೆ ಮಹಿಳೆಯ ಅಂಡಾಣುವಿನಲ್ಲಿ ತಾಯಿಯ ಕೋಶಕೇಂದ್ರವನ್ನು ಇಡುವ ವಿಧಾನಕ್ಕೆ ಬ್ರಿಟನ್ 2015ರಲ್ಲಿ ಕಾನೂನು ಮಾಡಿತು, ನ್ಯೂಕ್ಯಾಸಲ್‌ನಲ್ಲಿ ಹೀಗೆ ಎಂಟು ಮಕ್ಕಳು ಹುಟ್ಟಿದ ವರದಿ 2025ರಲ್ಲಿ ಬಂತು. ನಮ್ಮಲ್ಲಿ ಸಿಗುವ ದಾರಿ ದಾನಿಯ ಅಂಡಾಣು. ಅಕ್ಕತಂಗಿಯರೋ ಚಿಕ್ಕಮ್ಮನೋ ಪ್ರೀತಿಯಿಂದ ‘ನನ್ನದೇ ಕೊಡುತ್ತೇನೆ’ ಎಂದು ಮುಂದೆ ಬರುವುದುಂಟು. ಅವರ ಮೈಟೊಕಾಂಡ್ರಿಯವೂ ಅದೇ ಅಜ್ಜಿಯಿಂದ ಬಂದದ್ದು. ದಾನಿ ತಾಯಿಯ ಕಡೆಯ ನಂಟಳಾಗಿರಬಾರದು.