ಶಿಫಾರಸು ಪತ್ರಕ್ಕೆ ವಿಭಾಗದ ಮುಖ್ಯಸ್ಥರನ್ನು ಕೇಳಬೇಕೆ, ಪ್ರಾಜೆಕ್ಟ್ ಮಾಡಿಸಿದ ಅತಿಥಿ ಉಪನ್ಯಾಸಕರನ್ನೇ?

ಬ್ರಿಟನ್ನಿನಲ್ಲಿ ಭೂವಿಜ್ಞಾನದ ಎಂ.ಎಸ್ಸಿ.ಗೆ ಅರ್ಜಿ ಹಾಕುತ್ತಿದ್ದೀರಿ, ಎರಡು ಶೈಕ್ಷಣಿಕ ಶಿಫಾರಸು ಪತ್ರ ಬೇಕು. ಮುಖ್ಯಸ್ಥರಿಗೆ ನಿಮ್ಮ ಮುಖಪರಿಚಯ ಮಾತ್ರ ಇದೆ, ಪ್ರಾಜೆಕ್ಟ್ ಮಾಡಿಸಿದವರು ಅತಿಥಿ ಉಪನ್ಯಾಸಕರು, ಶಾಸಕರಿಂದ ಪತ್ರ ತರುತ್ತೇನೆ ಎಂದು ತಂದೆ ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ಬಳ್ಳಾರಿಯಲ್ಲಿ ಇದೇ ವಿಷಯ ಪಾಠ ಮಾಡುವವಳು ನಾನು, ಇಂಥ ಪತ್ರಗಳನ್ನು ಬರೆದುಕೊಡುತ್ತ ಬಂದಿದ್ದೇನೆ. ಅತಿಥಿ ಉಪನ್ಯಾಸಕರನ್ನೇ ಕೇಳಿ.

ಶಾಸಕರ ಪತ್ರ ಬೇಡವೇ ಬೇಡ. ತಂದೆಯವರ ಕಾಳಜಿ ದೊಡ್ಡದು, ಆದರೆ ಅಲ್ಲಿ ಕೇಳುತ್ತಿರುವುದು ನಡತೆಯ ಪ್ರಮಾಣಪತ್ರವಲ್ಲ. ಈ ವಿದ್ಯಾರ್ಥಿ ಓದಿನಲ್ಲಿ, ಸಂಶೋಧನೆಯಲ್ಲಿ ಹೇಗೆ ಎಂದು ಕಣ್ಣಾರೆ ಕಂಡವರ ಮಾತು ಅವರಿಗೆ ಬೇಕು.

ಮುಖ್ಯಸ್ಥರು ನಿಮ್ಮ ಬಗ್ಗೆ ಏನು ಬರೆಯಬಲ್ಲರು? 'ಶಿಸ್ತಿನ, ಶ್ರಮಜೀವಿ ವಿದ್ಯಾರ್ಥಿ' ಎಂದು. ಅದು ಯಾರಿಗೆ ಬೇಕಾದರೂ ಹೊಂದುತ್ತದೆ. ಸಂಡೂರಿನ ಬೆಟ್ಟಗಳಲ್ಲಿ ಕ್ಷೇತ್ರಕಾರ್ಯ ಮಾಡಿದ ನನ್ನ ವಿದ್ಯಾರ್ಥಿನಿಯೊಬ್ಬಳ ಟಿಪ್ಪಣಿ ಪುಸ್ತಕ ನನಗೆ ಇನ್ನೂ ನೆನಪಿದೆ. ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಕಬ್ಬಿಣದ ಖನಿಜ ಇರುವ ಬಂಡೆಯ ಹತ್ತಿರ ದಿಕ್ಸೂಚಿಯ ಮುಳ್ಳು ಅತ್ತಿತ್ತ ಎಳೆದುಕೊಳ್ಳುತ್ತದೆ, ಬಂಡೆಯ ಪದರ ಯಾವ ದಿಕ್ಕಿಗೆ ಚಾಚಿದೆ ಎಂಬ ಅಳತೆ ತಪ್ಪಾಗುತ್ತದೆ. ಎಷ್ಟೋ ಜನ ಪಕ್ಕದವರ ಅಂಕಿ ನೋಡಿ ಸರಿಹೊಂದಿಸಿಬಿಡುತ್ತಾರೆ. ಅವಳು ಹಾಗೆ ಮಾಡದೆ, ಆ ಅಳತೆಗಳಿಗೆ ಒಂದೇ ಗೆರೆ ಎಳೆದು, ಕೆಳಗಿನ ಅಂಕಿ ಕಾಣುವಂತೆಯೇ ಉಳಿಸಿ, ಪಕ್ಕದಲ್ಲಿ ಕಾರಣ ಬರೆದಿದ್ದಳು. ದೂರದ ಗುರುತುಗಳನ್ನು ಹಿಡಿದು ದಿಕ್ಕನ್ನು ಮತ್ತೆ ಲೆಕ್ಕ ಹಾಕಿದ್ದಳು. ಅವಳ ಪತ್ರದಲ್ಲಿ ನಾನು ಬರೆದದ್ದು ಮುಖ್ಯವಾಗಿ ಇಷ್ಟೇ. ನಿಮ್ಮ ವಿಷಯದಲ್ಲಿ ಇಂಥದ್ದನ್ನು ಬರೆಯಬಲ್ಲವರು ನಿಮ್ಮ ಜೊತೆ ಬಿಸಿಲಿನಲ್ಲಿ ಬೆಟ್ಟ ಹತ್ತಿದವರು. ಅವರ ಹುದ್ದೆ ಖಾಯಂ ಅಲ್ಲ ಎಂಬುದು ಅವರು ಕಂಡದ್ದನ್ನು ಸಣ್ಣದು ಮಾಡುವುದಿಲ್ಲ.

ನಿಜವಾದ ತೊಡಕು ಬೇರೆ ಇದೆ. ಬ್ರಿಟನ್ನಿನ ಅನೇಕ ವಿಶ್ವವಿದ್ಯಾಲಯಗಳು ಶಿಫಾರಸು ಮಾಡುವವರ ಸಂಸ್ಥೆಯ ಇಮೇಲ್ ಕೇಳುತ್ತವೆ, ಜಿಮೇಲ್ ಒಪ್ಪುವುದಿಲ್ಲ. ನಮ್ಮ ಕಡೆಯ ಅತಿಥಿ ಉಪನ್ಯಾಸಕರಲ್ಲಿ ಬಹಳ ಮಂದಿಗೆ ಅಂಥ ವಿಳಾಸವೇ ಇರುವುದಿಲ್ಲ, ಮುಂದಿನ ವರ್ಷ ಅವರು ಅದೇ ಕಾಲೇಜಿನಲ್ಲಿ ಇರುತ್ತಾರೆಂಬ ಖಾತ್ರಿಯೂ ಇಲ್ಲ. ಆದ್ದರಿಂದ ಅರ್ಜಿ ತುಂಬುವ ಮೊದಲೇ ಪ್ರವೇಶ ವಿಭಾಗಕ್ಕೆ ಪರಿಸ್ಥಿತಿ ವಿವರಿಸಿ ಇಮೇಲ್ ಬರೆಯಿರಿ. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಸಹಿ, ಮುದ್ರೆ ಇರುವ ಪತ್ರವನ್ನು ಪ್ರಾಂಶುಪಾಲರ ಅಧಿಕೃತ ಇಮೇಲ್‌ನಿಂದ ಕಳುಹಿಸಿದರೆ ಆಗುತ್ತದೆಯೇ ಎಂದು ಕೇಳಿ. ಉತ್ತರವನ್ನು ಜೋಪಾನವಾಗಿಡಿ. ಒಪ್ಪದಿದ್ದರೆ ಮಾತ್ರ ಮುಖ್ಯಸ್ಥರ ಹೆಸರು ಕೊಡಿ, ಆದರೆ ಉಪನ್ಯಾಸಕರ ಲಿಖಿತ ಅಭಿಪ್ರಾಯ ಅವರ ಕೈ ಸೇರುವಂತೆ ನೋಡಿಕೊಳ್ಳಿ. ಮುಖ್ಯಸ್ಥರು ಅದರ ಆಧಾರದಲ್ಲಿ, ಯಾರು ಮಾರ್ಗದರ್ಶನ ಮಾಡಿದರೆಂದು ಹೇಳಿಯೇ ಬರೆಯಬಹುದು.

ಎರಡನೆಯ ಪತ್ರಕ್ಕೆ ಪ್ರಯೋಗಾಲಯದಲ್ಲಿ ನಿಮ್ಮನ್ನು ನೋಡಿದವರು, ಇಲ್ಲವೇ ನಿಮ್ಮ ಸೆಮಿನಾರ್ ಕೇಳಿ ಪ್ರಶ್ನೆ ಹಾಕಿದವರು ಸಾಕು. ಒಂದೇ ಪ್ರಾಜೆಕ್ಟಿನ ಬಗ್ಗೆ ಎರಡು ಪತ್ರ ಬೇಡ. ಸಂಬಂಧಿಕರು ಅಧ್ಯಾಪಕರಾಗಿದ್ದರೂ ಅವರನ್ನು ಬಿಡಿ.

ಇನ್ನೊಂದು ಮಾತು ಒತ್ತಿ ಹೇಳುತ್ತೇನೆ. 'ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ' ಎನ್ನುವವರು ನಮ್ಮಲ್ಲಿ ಸಾಕಷ್ಟಿದ್ದಾರೆ. ಅದಕ್ಕೆ ಒಪ್ಪಬೇಡಿ. ಅದು ಪ್ರಾಮಾಣಿಕವಲ್ಲ, ಅರ್ಜಿಯ ಜೊತೆ ನೀವೇ ಬರೆದು ಕೊಡುವ ಉದ್ದೇಶ ಪತ್ರದ ಶೈಲಿಯೇ ಶಿಫಾರಸಿನಲ್ಲೂ ಕಂಡರೆ ಓದುವವರಿಗೆ ಗೊತ್ತಾಗುತ್ತದೆ. ಬದಲಿಗೆ ಒಂದು ಪುಟದ ಟಿಪ್ಪಣಿ ಕೊಡಿ: ಪ್ರಾಜೆಕ್ಟಿನ ಶೀರ್ಷಿಕೆ, ನೀವು ಮಾಡಿದ ಕೆಲಸ, ಎಲ್ಲಿ ಸಿಕ್ಕಿಕೊಂಡಿರಿ, ಹೇಗೆ ಬಿಡಿಸಿಕೊಂಡಿರಿ, ಯಾವ ಕೋರ್ಸು, ಕೊನೆಯ ದಿನಾಂಕ ಯಾವುದು. ಅಂಕಪಟ್ಟಿಯ ಪ್ರತಿಯೂ ಜೊತೆಗಿರಲಿ.

'ಪತ್ರ ಕೊಡುತ್ತೀರಾ ಸರ್' ಎಂದು ಕೇಳಿದರೆ ಸಂಕೋಚಕ್ಕೆ ಹೂಂ ಎನ್ನುತ್ತಾರೆ. 'ನನ್ನ ಕೆಲಸದ ಬಗ್ಗೆ ವಿವರವಾಗಿ ಬರೆಯಲು ನಿಮಗೆ ಸಾಧ್ಯವೇ' ಎಂದು ಕೇಳಿ, ತಡವರಿಸಿದರೆ ಧನ್ಯವಾದ ಹೇಳಿ ಬೇರೆಯವರ ಹತ್ತಿರ ಹೋಗಿ. ಕೊನೆಯ ದಿನಾಂಕಕ್ಕೆ ಒಂದು ತಿಂಗಳಾದರೂ ಮೊದಲೇ ಇದನ್ನೆಲ್ಲ ಮುಗಿಸಿ, ಪರೀಕ್ಷೆ ಮತ್ತು ಮೌಲ್ಯಮಾಪನದ ದಿನಗಳಲ್ಲಿ ನಾವು ಯಾರ ಕೈಗೂ ಸಿಗುವುದಿಲ್ಲ.