ಮಕ್ಕಳನ್ನು ಶಾಲೆಗೆ ನಡೆಸಿಕೊಂಡು ಹೋಗಲು ಅಪ್ಪ-ಅಮ್ಮಂದಿರನ್ನು ಒಪ್ಪಿಸುವುದು ಹೇಗೆ?

"ನಡೆದರೆ ಆರೋಗ್ಯ" ಅಂತ ಸುಮ್ನೆ ಹೇಳಿದರೆ ಯಾರೂ ಸ್ಕೂಟರ್ ಬಿಡುವುದಿಲ್ಲ. ಡಬ್ಬಿ ಕಟ್ಟಿ, ಜಡೆ ಹಾಕಿ, ತಾವೂ ಕೆಲಸಕ್ಕೆ ಹೊರಡಬೇಕಾದವರಿಗೆ ಬೆಳಿಗ್ಗೆ ಪುರುಸೊತ್ತೇ ಇರುವುದಿಲ್ಲ. ಮೊದಲು ಅದಕ್ಕೆ ದಾರಿ ಹುಡುಕಿ.

ನ್ಯೂಜಿಲೆಂಡ್, ಇಟಲಿಯಂಥ ಕಡೆ 'ವಾಕಿಂಗ್ ಸ್ಕೂಲ್ ಬಸ್' ನಡೆಯುತ್ತದೆ. ಹೆಸರಿಗೆ ಬಸ್, ಗಾಡಿ ಇಲ್ಲ. ದಾರಿ, ಸಮಯ, ಸ್ಟಾಪು ಎಲ್ಲ ಗೊತ್ತುಮಾಡಿರುತ್ತಾರೆ. ಮುಂದೊಬ್ಬರು, ಹಿಂದೊಬ್ಬರು ದೊಡ್ಡವರು, ನಡುವೆ ಮಕ್ಕಳ ಸಾಲು. ಪ್ರತಿ ಸ್ಟಾಪಿನಲ್ಲೂ ಒಂದಿಬ್ಬರು ಸೇರಿಕೊಳ್ಳುತ್ತಾರೆ. ನಿಮ್ಮ ಬೀದಿಯ ಐದಾರು ಮನೆಯವರು ಸರದಿ ಹಾಕಿಕೊಂಡರೆ ಒಬ್ಬೊಬ್ಬರಿಗೆ ವಾರಕ್ಕೆ ಎರಡು ದಿನ ಕೆಲಸ, ಉಳಿದ ದಿನ ಆರಾಮ. ಜನ ಒಪ್ಪುವುದು ಈ ಲೆಕ್ಕಕ್ಕೇ. ಅಜ್ಜ-ಅಜ್ಜಿಯರನ್ನೂ ಕೇಳಿ, ಖುಷಿಯಿಂದ ಬರುತ್ತಾರೆ.

ಶುರುವಿಗೆ ವಾರದಲ್ಲಿ ಒಂದೇ ದಿನ ಸಾಕು. ಮಕ್ಕಳೇ "ನಾಳೆನೂ ನಡೆಯೋಣ" ಅಂತ ಹಟ ಹಿಡಿಯಬಹುದು! ಮನೆ ದೂರ ಇದ್ದವರು ನಡುವಿನ ಸ್ಟಾಪಿನವರೆಗೆ ಗಾಡಿಯಲ್ಲಿ ತಂದು ಬಿಡಲಿ. ಗೇಟಿನ ಮುಂದಿನ ನೂಕುನುಗ್ಗಲು ಹೆಚ್ಚಾಗಿ ನಮ್ಮ ಗಾಡಿಗಳಿಂದಲೇ ಆಗುವುದು ಅಲ್ವಾ?

ಆದರೆ ಮೊದಲು ದೊಡ್ಡವರೇ ಶಾಲೆಯ ಹೊತ್ತಿಗೆ ಆ ದಾರಿಯಲ್ಲಿ ನಡೆದು ನೋಡಿ. ಮುಚ್ಚಳವಿಲ್ಲದ ಚರಂಡಿ, ಫುಟ್‌ಪಾತ್ ಮೇಲೆ ನಿಂತ ಬೈಕು, ದಾಟಲು ಕಷ್ಟದ ಸರ್ಕಲ್ ಇದ್ದರೆ ಸ್ವಲ್ಪ ಸುತ್ತಾದರೂ ಒಳರಸ್ತೆಯನ್ನೇ ಹಿಡಿಯಿರಿ.