ಅರೀನಾದಲ್ಲಿ ಸ್ಟಾಕ್‌ಫಿಶ್ ಸೇರಿಸಿದ ಕೂಡಲೇ ಮುಚ್ಚಿಹೋಗುತ್ತಿದ್ದರೆ

ಅರೀನಾಗೆ (ಚೆಸ್ ಆಡುವ, ವಿಶ್ಲೇಷಿಸುವ ಪ್ರೋಗ್ರಾಂ) ಸ್ಟಾಕ್‌ಫಿಶ್ (ನಡೆಗಳನ್ನು ಲೆಕ್ಕ ಹಾಕುವ ಚೆಸ್ ಎಂಜಿನ್) ಸೇರಿಸಿದ ಕೂಡಲೇ ಎಂಜಿನ್ ಮುಚ್ಚಿಹೋಗುತ್ತದೆ ಎಂದು ಕೇಳಿದ್ದೀರಿ. ಲ್ಯಾಪ್‌ಟಾಪ್ ಹಳೆಯದು ಅಂದಿದ್ದೀರಿ, ಹಾಗಾಗಿ ಪ್ರೊಸೆಸರ್‌ಗೆ ಹೊಂದದ ಫೈಲ್ ಇಳಿಸಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಎವಿಎಕ್ಸ್2 ಬಿಲ್ಡ್‌ಗೆ (ಹೊಸ ಪ್ರೊಸೆಸರ್‌ಗಳಿಗಾಗಿ ತಯಾರಿಸಿದ ಎಂಜಿನ್ ಫೈಲ್) ಬೇಕಾದ ಸೂಚನೆಗಳು ಹಳೇ ಪ್ರೊಸೆಸರ್‌ನಲ್ಲಿ ಇರುವುದಿಲ್ಲ, ಎಂಜಿನ್ ಶುರುವಾದಲ್ಲೇ ಸಾಯುತ್ತದೆ.

ಅರೀನಾವನ್ನು ಪಕ್ಕಕ್ಕಿಟ್ಟು, ಮೊದಲು ಕಮಾಂಡ್ ಪ್ರಾಂಪ್ಟ್‌ನಿಂದ ಎಂಜಿನ್ ಫೈಲನ್ನೇ ಓಡಿಸಿ. ಇಂಗ್ಲಿಷಿನ ಸಣ್ಣಕ್ಷರದಲ್ಲಿ ಯುಸಿಐ (uci, ಎಂಜಿನ್ ಜೊತೆ ಚೆಸ್ ಪ್ರೋಗ್ರಾಂ ಮಾತಾಡುವ ಪ್ರೋಟೋಕಾಲ್‌ನ ಹೆಸರು) ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಆಯ್ಕೆಗಳ ಉದ್ದ ಪಟ್ಟಿ ಬಂದು ಕೊನೇ ಸಾಲಿನಲ್ಲಿ 'ಯುಸಿಐಓಕೆ' (uciok) ಕಂಡರೆ ಎಂಜಿನ್ ಸರಿಯಿದೆ. ಏನೂ ಬಾರದೆ ಪ್ರಾಂಪ್ಟ್ ವಾಪಸ್ ಬಂದರೆ ಹಳೇ ಪ್ರೊಸೆಸರ್‌ಗಳಿಗೆ ಹೊಂದುವ ಎಸ್‌ಎಸ್‌ಇ41-ಪಾಪ್‌ಕೌಂಟ್ (sse41-popcnt) ಬಿಲ್ಡ್ ಹಾಕಿ. ಅದೂ ನಿಂತರೆ ಬರೀ ಎಕ್ಸ್86-64 (x86-64) ಬಿಲ್ಡ್ ಹಾಕಿ. ವೇಗ ಕಡಿಮೆಯಾಗುತ್ತದೆ, ಆದರೆ ನಮ್ಮನಿಮ್ಮ ಆಟದ ವಿಶ್ಲೇಷಣೆಗೆ ಧಾರಾಳ ಸಾಕು.

ಜಿಪ್ ಒಳಗಿಂದಲೇ ಓಡಿಸಬೇಡಿ, ಬಿಡಿಸಿ ಒಂದು ಖಾಯಂ ಫೋಲ್ಡರ್‌ನಲ್ಲಿಡಿ. ಫೈಲ್ ಜಾಗ ಬದಲಾದರೆ ಅರೀನಾದಂಥ ಪ್ರತಿ ಇಂಟರ್‌ಫೇಸ್‌ನಲ್ಲೂ ಮತ್ತೆ ತೋರಿಸಬೇಕಾಗುತ್ತದೆ.

ಆಮೇಲೆ ಅರೀನಾದ ಎಂಜಿನ್ಸ್ ಮೆನುವಿನಿಂದ ಸೇರಿಸಿ. ವಿಧ ಕೇಳಿದಾಗ ಯುಸಿಐ ಆರಿಸಿ, ವಿನ್‌ಬೋರ್ಡ್ (ಇನ್ನೊಂದು ಪ್ರೋಟೋಕಾಲ್) ಅಲ್ಲ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಉತ್ತರಿಸಿದ ಎಂಜಿನ್ ಇಲ್ಲಿ ಮಾತ್ರ ಮೌನವಾಗಿದ್ದರೆ ಬಹುಶಃ ಈ ಆಯ್ಕೆಯೇ ತಪ್ಪಿರುತ್ತದೆ. ಅರೀನಾದಂಥದೇ ಇನ್ನೊಂದು ಪ್ರೋಗ್ರಾಂ ಆದ ಕ್ಯೂಟ್‌ಚೆಸ್‌ಗೂ ಅದೇ ಫೈಲ್ ಸಾಕು, ಸೆಟ್ಟಿಂಗ್ಸ್‌ನ ಎಂಜಿನ್ಸ್ ಪುಟದಲ್ಲಿ ಪ್ರೋಟೋಕಾಲ್ ಯುಸಿಐ ಇರಲಿ. 4 ಜಿಬಿ ರ್‍ಯಾಮ್ ಇದ್ದರೆ ಎಂಜಿನ್ ಆಯ್ಕೆಗಳಲ್ಲಿ ಹ್ಯಾಶ್ (ಲೆಕ್ಕ ಹಾಕಿದ್ದನ್ನು ಎಂಜಿನ್ ನೆನಪಿಡುವ ಮೆಮೊರಿ) 256 ಎಂಬಿ ಇಡಿ, ಥ್ರೆಡ್ಸ್ (ಒಟ್ಟಿಗೆ ನಡೆಯುವ ಲೆಕ್ಕಗಳ ಸಂಖ್ಯೆ) ಪ್ರೊಸೆಸರ್‌ನ ಒಟ್ಟು ಕೋರ್‌ಗಿಂತ ಒಂದು ಕಡಿಮೆ.